‘ಸೀಮಿತ, ಅಲ್ಲಿಗೆ ಮುಗೀತು’ ಅಂತ ಬರೆದುಕೊಂಡಿದ್ದೆ

ಫಂಕ್ಷನಲ್ ಅನಾಲಿಸಿಸ್ ಓದಿದವರಿಗೆಲ್ಲ ಎರಡನೇ ವಾರವೋ ಮೂರನೇ ವಾರವೋ ಒಂದು ಪ್ರಮೇಯ ಎದುರಾಗಿರುತ್ತದೆ: ಆಯಾಮ ಸೀಮಿತವಾಗಿದ್ದರೆ ಎಲ್ಲಾ ನಾರ್ಮ್‌ಗಳೂ, ಅಂದರೆ ಗಾತ್ರ ಅಳೆಯುವ ವಿಧಾನಗಳೂ, ಸಮಾನ. ಒಂದು ನಾರ್ಮ್‌ನಲ್ಲಿ ಹತ್ತಿರ ಬರುವುದು ಇನ್ನೊಂದರಲ್ಲೂ ಹತ್ತಿರ ಬರುತ್ತದೆ, ಒಂದರಲ್ಲಿ ದೂರ ಹೋಗುವುದು ಇನ್ನೊಂದರಲ್ಲೂ ದೂರ ಹೋಗುತ್ತದೆ. ಅದರ ಸಾಧನೆಗೆ, ಅಂದರೆ ಪ್ರೂಫ್‌ಗೆ, ಅರ್ಧ ಬೋರ್ಡ್ ಸಾಕು. ನಮಗೆ ಪಾಠ ಮಾಡಿದ ಮೇಷ್ಟ್ರು ಅದನ್ನು ಬರೆದು ಮುಗಿಸಿ, ಕೈಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, "ಅಲ್ಲಿಗೆ ಮ್ಯಾಟ್ರಿಕ್ಸ್‌ಗಳ ಕಥೆ ಮುಗೀತು, ಇನ್ನು ಅಸಲಿ ವಿಷಯಕ್ಕೆ ಬರೋಣ" ಅಂದರು. ಅಸಲಿ ವಿಷಯ ಅಂದರೆ ಅನಂತ ಆಯಾಮ. ನಾನು ಹೇಳಿದ್ದನ್ನು ಕೇಳುವ ಹುಡುಗ. ನೋಟ್ಸ್‌ನ ಅಂಚಿನಲ್ಲಿ "ಸೀಮಿತ, ಅಲ್ಲಿಗೆ ಮುಗೀತು" ಅಂತ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಆ ಎರಡು ಗೆರೆಯಿಂದಾಗಿ ಒಂದು ಇಡೀ ಶಾಸ್ತ್ರವನ್ನು ನಾನು ಬಹಳ ಕಾಲ ತಿರುಗಿ ಕೂಡ ನೋಡಲಿಲ್ಲ. ಕ್ವಾಂಟಮ್ ಇನ್ಫರ್ಮೇಷನ್ ಅನ್ನುವುದರಲ್ಲಿ ಎಲ್ಲಿ ನೋಡಿದರೂ ಸೀಮಿತ ಮ್ಯಾಟ್ರಿಕ್ಸ್‌ಗಳೇ. ಕ್ಯೂಬಿಟ್ ಅಂದರೆ ಕ್ವಾಂಟಮ್ ಬಿಟ್; ಒಂದು ಕ್ಯೂಬಿಟ್‌ಗೆ ಎರಡು ಆಯಾಮ, ಎರಡು ಕ್ಯೂಬಿಟ್ ಅಂದರೆ ನಾಲ್ಕು. ಆ ವಿಷಯದಲ್ಲೇ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಒಂದು ದಿನ, "ನಮಗೆ ನಿಮ್ಮ ಸಬ್ಜೆಕ್ಟು ಬೇಕು, ಬಂದು ಕೂತ್ಕೋ" ಅಂತ ಕರೆದ. ನಾನು ಸ್ವಲ್ಪ ಗತ್ತಿನಿಂದಲೇ ಹೇಳಿದೆ: ನಿಮ್ಮದು ನಾಲ್ಕು ಸಾಲಿನ ಮ್ಯಾಟ್ರಿಕ್ಸು, ಅಲ್ಲಿ ನಮಗೇನು ಕೆಲಸ, ಎಲ್ಲಾ ನಾರ್ಮೂ ಸಮಾನ ಅಲ್ವಾ? ಅವನು ಒಂದು ಕ್ಷಣ ಸುಮ್ಮನಿದ್ದು ಕೇಳಿದ:

"ಸಮಾನ ಸರಿ ಮಾರಾಯ. ಎಷ್ಟು ಸಮಾನ?"

ಉತ್ತರ ಹೊಳೆಯಲಿಲ್ಲ. ಪ್ರಶ್ನೆಯೇ ತಲೆಹರಟೆ ಅನ್ನಿಸಿತು. ಈಗ ಅನ್ನಿಸುವುದೇ ಬೇರೆ. ಈ ಎರಡು ಶಾಸ್ತ್ರಗಳ ನಂಟು ಇರುವುದೇ ಆ ಪ್ರಶ್ನೆಯಲ್ಲಿ.

ಸ್ಥಿರಾಂಕ ಎಂಬ ಮುಚ್ಚಿಟ್ಟ ಸಂಗತಿ

ಪುಸ್ತಕದಲ್ಲಿ "ಒಂದು ಸ್ಥಿರಾಂಕ ಇದೆ" ಅಂತ ಬರೆದಿರುತ್ತಾರೆ. ಇದೆ, ಅಷ್ಟೇ. ಅದು 2 ಇರಬಹುದು, 2 ಕೋಟಿ ಇರಬಹುದು, ಪ್ರಮೇಯಕ್ಕೆ ಎರಡೂ ಒಂದೇ. ಈಗ ಒಂದು ಮ್ಯಾಟ್ರಿಕ್ಸ್‌ಗೆ ಎರಡು ಅಳತೆ ಹಾಕಿ ನೋಡಿ. ಅದು ವೆಕ್ಟರ್‌ಗಳನ್ನು ಹೆಚ್ಚೆಂದರೆ ಎಷ್ಟು ಹಿಗ್ಗಿಸುತ್ತದೆ ಅನ್ನುವುದು ಆಪರೇಟರ್ ನಾರ್ಮ್. ಎಲ್ಲಾ ದಿಕ್ಕುಗಳ ಹಿಗ್ಗನ್ನೂ ಕೂಡಿಸಿದರೆ ಟ್ರೇಸ್ ನಾರ್ಮ್. ಎನ್ ಆಯಾಮದಲ್ಲಿ ಎರಡನೆಯದು ಮೊದಲನೆಯದರ ಎನ್ ಪಟ್ಟು ಆಗಬಹುದು, ಅದಕ್ಕಿಂತ ಜಾಸ್ತಿ ಆಗದು. ಸಮಾನ ಅಂದರೆ ಇಷ್ಟೇ. ಆದರೆ 50 ಕ್ಯೂಬಿಟ್ ತೆಗೆದುಕೊಂಡರೆ ಎನ್ ಅನ್ನುವುದು 2ರ 50ನೇ ಘಾತ, ಅಂದರೆ ಸುಮಾರು 1,100 ಲಕ್ಷ ಕೋಟಿ. ಎಲ್ಲಾ ಸಾಧ್ಯತೆಗಳೂ ಸಮ ಸಮ ಬೆರೆತ ಸ್ಥಿತಿಯ ಟ್ರೇಸ್ ನಾರ್ಮ್ 1. ಅದೇ ಸ್ಥಿತಿಯ ಆಪರೇಟರ್ ನಾರ್ಮ್ 1,100 ಲಕ್ಷ ಕೋಟಿಯಲ್ಲಿ ಒಂದು ಪಾಲು. ಇವೆರಡನ್ನೂ ಸಮಾನ ಅನ್ನುವುದಕ್ಕೆ ಗಣಿತಜ್ಞನಿಗೆ ಮಾತ್ರ ಧೈರ್ಯ ಬರಬೇಕು.

ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿದದ್ದು. ಕ್ವಾಂಟಮ್ ಇನ್ಫರ್ಮೇಷನ್‌ನಲ್ಲಿ ನಾರ್ಮ್ ಸುಮ್ನೆ ಒಂದು ಅಳತೆಯಲ್ಲ, ಅದೊಂದು ಪಂದ್ಯ. ಎರಡು ಸ್ಥಿತಿಗಳಲ್ಲಿ ಯಾವುದೋ ಒಂದನ್ನು ನಾಣ್ಯ ಚಿಮ್ಮಿ ಆರಿಸಿ ನಿಮ್ಮ ಕೈಗೆ ಕೊಡುತ್ತಾರೆ. ಯಾವುದು ಅಂತ ನೀವು ಹೇಳಬೇಕು. ಕಣ್ಣುಮುಚ್ಚಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಆ ಅರ್ಧದ ಮೇಲೆ ಎಷ್ಟು ಹೆಚ್ಚು ಗೆಲ್ಲಬಹುದು? ಎರಡರ ವ್ಯತ್ಯಾಸದ ಟ್ರೇಸ್ ನಾರ್ಮ್‌ನ ಕಾಲುಭಾಗದಷ್ಟು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಹೆಲ್‌ಸ್ಟ್ರಾಮ್ ಮತ್ತು ಹೊಲೆವೊ ಇಬ್ಬರ ಹೆಸರಲ್ಲಿ ಈ ಫಲಿತಾಂಶ ಇದೆ. ನಾರ್ಮ್ ಅಂದರೆ ಗೆಲ್ಲುವ ಸಾಧ್ಯತೆ ಅಂತ ಗೊತ್ತಾದ ಮೇಲೆ, ಎನ್ ಪಟ್ಟು ವ್ಯತ್ಯಾಸವನ್ನು ಯಾರು ತಾನೇ ಕಡೆಗಣಿಸುತ್ತಾರೆ?

ಮೂಲೆಯಲ್ಲಿದ್ದ ಅರ್ಧ ನಡುವಿಗೆ ಬಂದಾಗ

ಗೆಳೆಯನ ಮಾತು ತಲೆಯಲ್ಲಿ ಕೊರೆಯುತ್ತಿದ್ದ ಒಂದು ರಾತ್ರಿ ಕೂತು ಲೆಕ್ಕ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮ್ಯಾಟ್ರಿಕ್ಸನ್ನು ಟ್ರಾನ್ಸ್‌ಪೋಸ್ ಮಾಡುವುದು, ಅಂದರೆ ಸಾಲನ್ನು ಕಂಬ ಮಾಡಿ ಕಂಬವನ್ನು ಸಾಲು ಮಾಡುವುದು, ಶಾಲೆಯಿಂದ ಗೊತ್ತಿದ್ದ ಕೆಲಸ. ಅಷ್ಟು ಸಾಧು ಕ್ರಿಯೆ ಇನ್ನೊಂದಿಲ್ಲ. ಐಗನ್‌ವ್ಯಾಲ್ಯೂ ಬದಲಾಗುವುದಿಲ್ಲ, ನಾರ್ಮ್ ಬದಲಾಗುವುದಿಲ್ಲ, ಪಾಸಿಟಿವ್ ಆಗಿದ್ದದ್ದು (ಅಂದರೆ ಯಾವ ಐಗನ್‌ವ್ಯಾಲ್ಯೂವೂ ಮೈನಸ್ ಅಲ್ಲದ್ದು) ಪಾಸಿಟಿವ್ ಆಗಿಯೇ ಉಳಿಯುತ್ತದೆ. ಒಂದು ಕ್ವಾಂಟಮ್ ಸ್ಥಿತಿಯನ್ನು ಟ್ರಾನ್ಸ್‌ಪೋಸ್ ಮಾಡಿದರೆ ಇನ್ನೊಂದು ಕ್ವಾಂಟಮ್ ಸ್ಥಿತಿ ಬರುತ್ತದೆ. ಹಾಗಾದರೆ ಲ್ಯಾಬ್‌ನಲ್ಲಿ ಟ್ರಾನ್ಸ್‌ಪೋಸ್ ಮಾಡುವ ಯಂತ್ರ ಇರಬಹುದಲ್ಲ?

ಎರಡು ಕ್ಯೂಬಿಟ್‌ಗಳು ಪೂರ್ತಿ ಹೆಣೆದುಕೊಂಡ (ಎಂಟ್ಯಾಂಗಲ್ ಆದ) ಸ್ಥಿತಿಯನ್ನು ಬರೆದೆ. ನಾಲ್ಕು ಸಾಲು, ನಾಲ್ಕು ಕಂಬ. ನಾಲ್ಕು ಮೂಲೆಗಳಲ್ಲಿ ಅರ್ಧ, ಮಿಕ್ಕಿದ್ದೆಲ್ಲ ಸೊನ್ನೆ. ಇದರಲ್ಲಿ ಎರಡನೇ ಕ್ಯೂಬಿಟ್ ಮಾತ್ರ ಟ್ರಾನ್ಸ್‌ಪೋಸ್ ಮಾಡಬೇಕು, ಮೊದಲನೆಯದನ್ನು ಮುಟ್ಟಬಾರದು. ಅಂದರೆ ಎರಡು-ಎರಡರ ನಾಲ್ಕು ತುಂಡುಗಳಾಗಿ ನೋಡಿ, ಒಂದೊಂದು ತುಂಡನ್ನೂ ಅದರ ಜಾಗದಲ್ಲೇ ಮಗುಚಬೇಕು. ಮಗುಚಿದೆ. ಮೇಲಿನ ಎಡಮೂಲೆ, ಕೆಳಗಿನ ಬಲಮೂಲೆಯ ಅರ್ಧಗಳು ಅಲ್ಲೇ ಉಳಿದವು. ಮೇಲಿನ ಬಲಮೂಲೆಯ ಅರ್ಧ ಜಾರಿ ಎರಡನೇ ಸಾಲಿನ ಮೂರನೇ ಕಂಬಕ್ಕೆ ಬಂತು. ಕೆಳಗಿನ ಎಡಮೂಲೆಯದ್ದು ಮೂರನೇ ಸಾಲಿನ ಎರಡನೇ ಕಂಬಕ್ಕೆ. ಈಗ ನಡುವೆ ಒಂದು ಪುಟ್ಟ ಚೌಕ: ಕರ್ಣದಲ್ಲಿ ಸೊನ್ನೆ ಸೊನ್ನೆ, ಅಕ್ಕಪಕ್ಕ ಅರ್ಧ ಅರ್ಧ. ಅದರ ಐಗನ್‌ವ್ಯಾಲ್ಯೂ ಎಷ್ಟು ಅಂತ ಯಾರಾದರೂ ಬಾಯಲ್ಲೇ ಹೇಳಬಹುದು. ಒಂದು ಅರ್ಧ, ಇನ್ನೊಂದು ಮೈನಸ್ ಅರ್ಧ.

ಮೈನಸ್ ಅರ್ಧ! ಕ್ವಾಂಟಮ್ ಸ್ಥಿತಿಯ ಐಗನ್‌ವ್ಯಾಲ್ಯೂ ಅಂದರೆ ಸಂಭವನೀಯತೆ. ಮೈನಸ್ ಅರ್ಧ ಸಂಭವನೀಯತೆ ಅಂದರೆ ಏನರ್ಥ? ತಪ್ಪಾಗಿದೆ ಅಂದುಕೊಂಡು ಮೂರು ಸಲ ಮಾಡಿದೆ. ಮೂರು ಸಲವೂ ಅಷ್ಟೇ ಬಂತು. ತನ್ನಷ್ಟಕ್ಕೆ ಸಾಧುವಾಗಿದ್ದ ಕ್ರಿಯೆ, ಪಕ್ಕದಲ್ಲಿ ಏನೂ ಮಾಡದೆ ಕೂತ ಇನ್ನೊಂದು ಕ್ಯೂಬಿಟ್ ಇದ್ದ ಮಾತ್ರಕ್ಕೆ ಕೆಟ್ಟುಹೋಗಿತ್ತು. ಟ್ರಾನ್ಸ್‌ಪೋಸ್ ಯಂತ್ರ ಕಟ್ಟಲು ಪ್ರಕೃತಿ ಬಿಡುವುದಿಲ್ಲ.

ತಮಾಷೆ ಏನೆಂದರೆ ಈ ಮೈನಸ್ ಅರ್ಧ ನನ್ನ ಶಾಸ್ತ್ರಕ್ಕೆ ಹಳೇ ಪರಿಚಯ. ಪಕ್ಕದಲ್ಲಿ ಎಷ್ಟೇ ದೊಡ್ಡ ಮ್ಯಾಟ್ರಿಕ್ಸ್ ಇಟ್ಟರೂ ಪಾಸಿಟಿವ್ ಆಗಿಯೇ ಉಳಿಯುವ ಕ್ರಿಯೆಗಳನ್ನು ಕಂಪ್ಲೀಟ್ಲಿ ಪಾಸಿಟಿವ್ ಅನ್ನುತ್ತಾರೆ. ಸ್ಟೈನ್‌ಸ್ಪ್ರಿಂಗ್ ಅವುಗಳ ರಚನೆಯನ್ನು 1955ರಲ್ಲೇ ಬಿಡಿಸಿಟ್ಟಿದ್ದರು. ಆಗ ಕ್ಯೂಬಿಟ್ ಅನ್ನುವ ಪದವೇ ಇರಲಿಲ್ಲ. 1975ರಲ್ಲಿ ಚೋಯ್ ಇನ್ನೂ ಸುಲಭ ಮಾಡಿದರು: ಪೂರ್ತಿ ಹೆಣೆದುಕೊಂಡ ಆ ಒಂದೇ ಒಂದು ಸ್ಥಿತಿಯ ಮೇಲೆ ಪರೀಕ್ಷೆ ಮಾಡಿದರೆ ಸಾಕು. ನಾನು ರಾತ್ರಿ ಕೂತು ಮಾಡಿದ್ದು ಅದನ್ನೇ, ಗೊತ್ತಿಲ್ಲದೆ. 1996ರಲ್ಲಿ ಪೆರೆಸ್ ಮತ್ತು ಹೊರೊಡೆಕಿ ಕುಟುಂಬದ ಮೂವರು ಈ ಕೆಡುಕನ್ನೇ ಉಪಯೋಗಕ್ಕೆ ತಂದರು. ಅರ್ಧ ಮಾತ್ರ ಟ್ರಾನ್ಸ್‌ಪೋಸ್ ಮಾಡಿ, ಮೈನಸ್ ಬಂದರೆ ಎಂಟ್ಯಾಂಗಲ್‌ಮೆಂಟ್ ಇದೆ ಅಂತಲೇ ಅರ್ಥ. ಎರಡು ಕ್ಯೂಬಿಟ್‌ಗಳ ಮಟ್ಟಿಗೆ ಮೈನಸ್ ಬರದಿದ್ದರೆ ಇಲ್ಲ ಅಂತಲೂ ಖಾತ್ರಿ. ಆ ಖಾತ್ರಿ ಬಂದದ್ದು ಸ್ಟೋರ್ಮರ್ 1963ರಲ್ಲಿ, ವೊರೊನೊವಿಚ್ 1976ರಲ್ಲಿ ಪಾಸಿಟಿವ್ ಕ್ರಿಯೆಗಳ ಬಗ್ಗೆ ಬರೆದ ಶುದ್ಧ ಗಣಿತದ ಪ್ರಬಂಧಗಳಿಂದ.

ಪಕ್ಕದಲ್ಲಿ ಸುಮ್ನೆ ಕೂತವನು

ಹಾಗಾದರೆ ಒಂದು ಕ್ರಿಯೆಯ ನಾರ್ಮ್ ಅಂದರೆ ಯಾವುದು? ಅದರದ್ದೋ, ಅದರ ಪಕ್ಕ ಒಬ್ಬನನ್ನು ಕೂರಿಸಿದಾಗಿನದ್ದೋ? ಟ್ರಾನ್ಸ್‌ಪೋಸ್‌ನ ನಾರ್ಮ್ ತನ್ನಷ್ಟಕ್ಕೆ 1. ಪಕ್ಕದಲ್ಲಿ ಅಷ್ಟೇ ಆಯಾಮದ ಜೊತೆಗಾರ ಕೂತರೆ ಎನ್. ಜೊತೆಗಾರರನ್ನೆಲ್ಲ ಲೆಕ್ಕಕ್ಕೆ ಹಿಡಿದು ಅಳೆಯುವ ನಾರ್ಮ್, ಫಂಕ್ಷನಲ್ ಅನಾಲಿಸಿಸ್‌ನ ಒಂದು ಕವಲಾದ ಆಪರೇಟರ್ ಸ್ಪೇಸ್‌ನಲ್ಲಿ ಕೆಲಸ ಮಾಡುವವರ ದಿನನಿತ್ಯದ ಸಾಮಾನು. ಕಂಪ್ಲೀಟ್ಲಿ ಬೌಂಡೆಡ್ ನಾರ್ಮ್ ಅನ್ನುತ್ತಾರೆ. 1997ರಲ್ಲಿ ಕಿಟೇವ್ ಕ್ವಾಂಟಮ್ ಕಂಪ್ಯೂಟರ್‌ಗಳ ತಪ್ಪುಗಳನ್ನು ಅಳೆಯಲು ಹೊರಟು ಡೈಮಂಡ್ ನಾರ್ಮ್ ಅನ್ನುವುದನ್ನು ತಂದರು. ಬಿಡಿಸಿ ನೋಡಿದರೆ ಅದು ಇದರದ್ದೇ ಮಗ್ಗುಲು ಬದಲಿಸಿದ ರೂಪ.

ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಎರಡು ಕ್ವಾಂಟಮ್ ಚಾನೆಲ್‌ಗಳು, ಅಂದರೆ ಒಂದು ಸ್ಥಿತಿಯನ್ನು ಒಳಗೆ ತೆಗೆದುಕೊಂಡು ಇನ್ನೊಂದನ್ನು ಹೊರಗೆ ಕೊಡುವ ಕ್ರಿಯೆಗಳು; ವರ್ನರ್-ಹೊಲೆವೊ ಚಾನೆಲ್ ಅಂತ ಹೆಸರು. ಎರಡೂ ಒಳಗೆ ಬಂದ ಸ್ಥಿತಿಯನ್ನು ಹೆಚ್ಚುಕಡಿಮೆ ಪೂರ್ತಿ ಕಲಸಿಬಿಡುತ್ತವೆ. ಒಂದು ಅದರ ಟ್ರಾನ್ಸ್‌ಪೋಸನ್ನು ಸ್ವಲ್ಪ ಸೇರಿಸುತ್ತದೆ, ಇನ್ನೊಂದು ಸ್ವಲ್ಪ ಕಳೆಯುತ್ತದೆ, ಅಷ್ಟೇ ವ್ಯತ್ಯಾಸ. ಮುಚ್ಚಿದ ಡಬ್ಬಿಯಲ್ಲಿ ಯಾವುದು ಇದೆ ಅಂತ ಕಂಡುಹಿಡಿಯಬೇಕು, ಒಂದೇ ಸಲ ಬಳಸಬಹುದು. ಆಯಾಮ 999 ಅಂತ ಇಟ್ಟುಕೊಳ್ಳಿ. ಎಷ್ಟೇ ಜಾಣತನದಿಂದ ಒಳಗೆ ಕಳಿಸಿದರೂ, ಜೊತೆಗಾರ ಇಲ್ಲದಿದ್ದರೆ ನಿಮ್ಮ ಗೆಲುವಿನ ಸಾಧ್ಯತೆ ಅರ್ಧದ ಮೇಲೆ ಸಾವಿರದಲ್ಲಿ ಒಂದು: 0.501. ಕಣ್ಣುಮುಚ್ಚಿ ಹೇಳಿದ ಹಾಗೇ. ಈಗ ಹೆಣೆದುಕೊಂಡ ಜೋಡಿ ತೆಗೆದುಕೊಂಡು ಒಂದನ್ನು ಡಬ್ಬಿಯೊಳಗೆ ಕಳಿಸಿ, ಇನ್ನೊಂದನ್ನು ಪಕ್ಕದಲ್ಲಿ ಸುಮ್ನೆ ಇಟ್ಟುಕೊಳ್ಳಿ. ಅದಕ್ಕೆ ಏನೂ ಮಾಡಬೇಡಿ. ಕೊನೆಯಲ್ಲಿ ಎರಡನ್ನೂ ಸೇರಿಸಿ ಅಳೆದರೆ ಗೆಲುವಿನ ಸಾಧ್ಯತೆ 1. ಪೂರ್ತಿ 1. ಒಂದು ಚಾನೆಲ್‌ನಿಂದ ಬರುವ ಜೋಡಿ ಸಿಮ್ಮೆಟ್ರಿಕ್ ಕಡೆಗೆ ಬೀಳುತ್ತದೆ, ಇನ್ನೊಂದರಿಂದ ಬರುವುದು ಆಂಟಿಸಿಮ್ಮೆಟ್ರಿಕ್ ಕಡೆಗೆ. ಇವೆರಡೂ ಒಂದಕ್ಕೊಂದು ಲಂಬ, ಗೊಂದಲಕ್ಕೆ ಜಾಗವೇ ಇಲ್ಲ.

ಈ ಲೆಕ್ಕ ನೋಡಿದ ದಿನ ಗೆಳೆಯನಿಗೆ ಫೋನ್ ಮಾಡಿ, "ಎನ್‌ನಷ್ಟು ಸಮಾನ" ಅಂದೆ. ಅವನಿಗೆ ಆ ಪ್ರಶ್ನೆ ಕೇಳಿದ್ದೇ ನೆನಪಿರಲಿಲ್ಲ.

ಸಾವೊ ಪೌಲೊದಲ್ಲಿ ಅಚ್ಚಾದ ಅಸಮತೆ

ಎಲ್ಲಾ ಸಲವೂ ಸ್ಥಿರಾಂಕ ಆಯಾಮದ ಜೊತೆ ಓಡುತ್ತದೆ ಅಂದುಕೊಂಡರೆ ಅದೂ ತಪ್ಪು. ಕೆಲವೊಮ್ಮೆ ಅದು ನಿಂತುಬಿಡುತ್ತದೆ, ಆಗ ಇನ್ನೂ ಆಶ್ಚರ್ಯ.

ಗ್ರೋಥೆಂಡೀಕ್ 1953ರಲ್ಲಿ ಬ್ರೆಜಿಲ್‌ನಲ್ಲಿದ್ದಾಗ ಟೆನ್ಸರ್ ಪ್ರಾಡಕ್ಟ್‌ಗಳ (ಎರಡು ಸ್ಪೇಸ್‌ಗಳನ್ನು ಸೇರಿಸಿ ದೊಡ್ಡದೊಂದನ್ನು ಕಟ್ಟುವ ರೀತಿಯ) ಮೇಲೆ ಫ್ರೆಂಚ್‌ನಲ್ಲಿ ಒಂದು ದೊಡ್ಡ ಪ್ರಬಂಧ ಬರೆದರು. ಸಾವೊ ಪೌಲೊದ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದವರು ಕಡಿಮೆ. 1968ರಲ್ಲಿ ಲಿಂಡೆನ್‌ಸ್ಟ್ರೌಸ್ ಮತ್ತು ಪೆಲ್ಚಿನ್‌ಸ್ಕಿ ಅದರ ತಿರುಳನ್ನು ಟೆನ್ಸರ್ ಇಲ್ಲದ ಭಾಷೆಯಲ್ಲಿ ಬಿಡಿಸಿ ಹೇಳಿದ ಮೇಲೆ ಜನ ಎಚ್ಚೆತ್ತರು. ತಿರುಳು ಇಷ್ಟು. ಅಂಕಿಗಳ ಒಂದು ಕೋಷ್ಟಕ ಕೊಡುತ್ತೇನೆ. ಪ್ರತಿ ಸಾಲಿಗೂ ಪ್ರತಿ ಕಂಬಕ್ಕೂ ಪ್ಲಸ್ 1 ಅಥವಾ ಮೈನಸ್ 1 ಹಾಕಿ, ಗುಣಿಸಿ, ಕೂಡಿಸಿ, ಮೊತ್ತವನ್ನು ಆದಷ್ಟು ದೊಡ್ಡದು ಮಾಡಿ. ಈಗ ಪ್ಲಸ್ ಮೈನಸ್ ಬದಲು ಉದ್ದ 1 ಇರುವ ವೆಕ್ಟರ್‌ಗಳನ್ನು ಹಾಕಲು ಬಿಡುತ್ತೇನೆ, ಎಷ್ಟು ಆಯಾಮದವಾದರೂ ಸರಿ. ಮೊತ್ತ ಎಷ್ಟು ಪಟ್ಟು ಬೆಳೆಯಬಹುದು? ಕೋಷ್ಟಕ ಎಷ್ಟೇ ದೊಡ್ಡದಿರಲಿ, ಒಂದು ಗೊತ್ತಾದ ಸ್ಥಿರಾಂಕಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಆ ಸ್ಥಿರಾಂಕ 1.676 ಮತ್ತು 1.783ರ ನಡುವೆ ಎಲ್ಲೋ ಇದೆ. ಸರಿಯಾಗಿ ಎಷ್ಟು ಅಂತ ಇವತ್ತಿಗೂ ಯಾರೂ ಕಂಡುಹಿಡಿದಿಲ್ಲ.

ಅತಿ ಚಿಕ್ಕ ಕೋಷ್ಟಕ ತೆಗೆದುಕೊಳ್ಳಿ: ಮೇಲೆ 1, 1, ಕೆಳಗೆ 1, ಮೈನಸ್ 1. ಮೊದಲ ಸಾಲಿಗೆ ಕಂಬದ ಎರಡು ಚಿಹ್ನೆಗಳ ಮೊತ್ತ ಸಿಗುತ್ತದೆ, ಎರಡನೇ ಸಾಲಿಗೆ ವ್ಯತ್ಯಾಸ. ಚಿಹ್ನೆಗಳು ಒಂದೇ ಆದರೆ ವ್ಯತ್ಯಾಸ ಸೊನ್ನೆ, ಬೇರೆ ಆದರೆ ಮೊತ್ತ ಸೊನ್ನೆ. ಹೇಗೆ ತಿಪ್ಪರಲಾಗ ಹಾಕಿದರೂ 2 ದಾಟುವುದಿಲ್ಲ. ವೆಕ್ಟರ್ ಹಾಕಿ: ಕಂಬದ ಎರಡನ್ನೂ ಲಂಬವಾಗಿಟ್ಟರೆ ಮೊತ್ತದ ಉದ್ದವೂ 1.414, ವ್ಯತ್ಯಾಸದ ಉದ್ದವೂ 1.414. ಕೂಡಿದರೆ 2.828.

ಭೌತಶಾಸ್ತ್ರ ಓದಿದವರು ಈಗ ಕುರ್ಚಿಯಿಂದ ಎದ್ದಿರಬೇಕು. ಬೆಲ್ 1964ರಲ್ಲಿ ಶುರು ಮಾಡಿದ, ಕ್ಲೌಸರ್ ಮತ್ತು ಮೂವರು ಸಂಗಾತಿಗಳು 1969ರಲ್ಲಿ ಪ್ರಯೋಗಕ್ಕೆ ಒಗ್ಗುವ ಹಾಗೆ ಬರೆದ ಅಸಮತೆಯ 2 ಇದೇ. 1980ರಲ್ಲಿ ಸಿರೆಲ್ಸನ್ ಕ್ವಾಂಟಮ್‌ನ ಮಿತಿ ಅಂತ ತೋರಿಸಿದ 2.828 ಕೂಡ ಇದೇ. ಇದನ್ನು ಒಂದು ಆಟವಾಗಿಯೂ ನೋಡಬಹುದು: ಇಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ, ಉತ್ತರಗಳು ನಿಯಮಕ್ಕೆ ಹೊಂದಿದರೆ ಗೆಲುವು. ಮಾತಾಡಿಕೊಳ್ಳದ ಇಬ್ಬರು ಆಟಗಾರರು ಮಾಮೂಲಿ ಉಪಾಯದಿಂದ ಶೇ. 75ರಷ್ಟು ಗೆಲ್ಲುತ್ತಾರೆ, ಹೆಣೆದುಕೊಂಡ ಕ್ಯೂಬಿಟ್ ಇದ್ದರೆ ಸುಮಾರು ಶೇ. 85.4. 2022ರ ನೊಬೆಲ್ ಈ ದಾರಿಯ ಪ್ರಯೋಗಗಳಿಗೇ ಬಂದದ್ದು. ಸಿರೆಲ್ಸನ್ ಗಮನಿಸಿದ್ದು ಏನೆಂದರೆ, ಈ ಜಾತಿಯ ಇಬ್ಬರ ಆಟಗಳಲ್ಲಿ ಕ್ವಾಂಟಮ್ ತಂತ್ರ ಅಂದರೆ ವೆಕ್ಟರ್‌ಗಳೇ, ಮಾಮೂಲಿ ತಂತ್ರ ಅಂದರೆ ಪ್ಲಸ್ ಮೈನಸ್. ಹಾಗಾಗಿ ಪ್ರಕೃತಿ ಎಷ್ಟು ಮೇಲಾಟ ಆಡಬಹುದು ಅನ್ನುವುದಕ್ಕೆ ಗ್ರೋಥೆಂಡೀಕ್ ಸ್ಥಿರಾಂಕವೇ ಬೇಲಿ. ಇಬ್ಬರಿಗೆ ಮಾತ್ರ. ಮೂವರು ಆಟಗಾರರಾದರೆ ಬೇಲಿಯೇ ಇಲ್ಲ, ಅನುಪಾತ ಎಷ್ಟು ಬೇಕಾದರೂ ಬೆಳೆಯಬಹುದು ಅಂತ 2008ರಲ್ಲಿ ಪೆರೆಸ್-ಗಾರ್ಸಿಯಾ, ಯುಂಗೆ ಮತ್ತವರ ಸಂಗಡಿಗರು ತೋರಿಸಿದರು. ಅದಕ್ಕೆ ಅವರು ಕೈಹಾಕಿದ್ದು ಆಪರೇಟರ್ ಸ್ಪೇಸ್‌ಗಳ ಪೆಟ್ಟಿಗೆಗೆ.

(ಇಲ್ಲೇ ಇನ್ನೊಂದು ಕಥೆ ಇದೆ, ಉದ್ದ ಮಾಡುವುದಿಲ್ಲ. ಚಾನೆಲನ್ನು ಎರಡು ಸಲ ಬಳಸುವಾಗ ಸಂದೇಶಗಳನ್ನು ಹೆಣೆದು ಕಳಿಸಿದರೆ ಲಾಭ ಇದೆಯೇ ಅಂದರೆ, ಇಲ್ಲ ಅಂತಲೇ ಬಹಳ ಜನ ನಂಬಿದ್ದರು. 2009ರಲ್ಲಿ ಹೇಸ್ಟಿಂಗ್ಸ್ ಇದೆ ಅಂತ ತೋರಿಸಿದರು. ಆಮೇಲೆ ಔಬ್ರುನ್, ಸಾರೆಕ್, ವರ್ನರ್ ಸೇರಿ, ಅದೇ ಫಲಿತಾಂಶ 1961ರ ಡ್ವೊರೆಟ್ಸ್ಕಿ ಪ್ರಮೇಯದಿಂದ ಬರುತ್ತದೆ ಅಂದರು. ದೊಡ್ಡ ಆಯಾಮದ ಯಾವ ವಸ್ತುವನ್ನು ಕೊಯ್ದರೂ ಎಲ್ಲೋ ಒಂದು ಕಡೆ ಹೆಚ್ಚುಕಡಿಮೆ ಗುಂಡನೆಯ ಹೋಳು ಸಿಗುತ್ತದೆ ಅನ್ನುವ ಪ್ರಮೇಯ ಅದು. ಅದೂ ಸೀಮಿತ ಆಯಾಮದ್ದೇ.)

ಅನಂತ ಹಿತ್ತಲ ಬಾಗಿಲಿಂದ ಬಂತು

ಇಷ್ಟೆಲ್ಲ ಆದ ಮೇಲೆ ನಾನು ಇನ್ನೊಂದು ತುದಿಗೆ ಹೋಗಿ ಕೂತಿದ್ದೆ. ಸೀಮಿತವೇ ಸಾಕು, ಅನಂತ ಬರೀ ಅಲಂಕಾರ ಅನ್ನುವ ವಾದ. 2020ರ ಜನವರಿ ಅದನ್ನೂ ಕಿತ್ತುಕೊಂಡಿತು.

ದೂರದಲ್ಲಿರುವ ಇಬ್ಬರು ಆಟಗಾರರನ್ನು ಗಣಿತದಲ್ಲಿ ಎರಡು ಥರ ಬರೆಯಬಹುದು. ಇಬ್ಬರಿಗೂ ಬೇರೆ ಬೇರೆ ಸ್ಪೇಸ್ ಕೊಟ್ಟು ಟೆನ್ಸರ್ ಪ್ರಾಡಕ್ಟ್ ಮಾಡುವುದು ಒಂದು. ಇಬ್ಬರನ್ನೂ ಒಂದೇ ದೊಡ್ಡ ಹಿಲ್ಬರ್ಟ್ ಸ್ಪೇಸ್‌ನಲ್ಲಿಟ್ಟು, ಒಬ್ಬರ ಅಳತೆ ಇನ್ನೊಬ್ಬರ ಅಳತೆಗೆ ಅಡ್ಡ ಬರಬಾರದು, ಯಾರು ಮೊದಲು ಅಳೆದರೂ ಒಂದೇ ಆಗಬೇಕು ಅನ್ನುವುದು ಇನ್ನೊಂದು. ಆಯಾಮ ಸೀಮಿತವಾದರೆ ಎರಡೂ ಒಂದೇ. ಸಿರೆಲ್ಸನ್ ಮೊದಲು ಎಲ್ಲಾ ಕಡೆಯೂ ಒಂದೇ ಅಂತ ಸಾಧನೆ ಕೊಡದೆ ಬರೆದಿದ್ದರು. ಆಮೇಲೆ ಬೇರೆಯವರು ಕೇಳಿದಾಗ, ಸಾಧಿಸಲು ಆಗುತ್ತಿಲ್ಲ ಅಂತ ಒಪ್ಪಿಕೊಂಡು ಅದನ್ನೇ ತೆರೆದ ಪ್ರಶ್ನೆಯಾಗಿ ಮುಂದಿಟ್ಟರು. ನನಗೆ ಅವರ ಮೇಲೆ ಗೌರವ ಇಮ್ಮಡಿಯಾದದ್ದು ಇದಕ್ಕೆ. ಇತ್ತ ಕಡೆ ಕಾನ್ 1976ರಲ್ಲಿ, ವಾನ್ ನಾಯ್ಮನ್ ಆಲ್ಜಿಬ್ರಾಗಳ (ಹಿಲ್ಬರ್ಟ್ ಸ್ಪೇಸ್ ಮೇಲಿನ ಆಪರೇಟರ್‌ಗಳ ಕೂಟಗಳ) ಒಂದು ಜಾತಿಯನ್ನು ಸೀಮಿತ ಮ್ಯಾಟ್ರಿಕ್ಸ್‌ಗಳಿಂದ ಅಂದಾಜು ಮಾಡಲು ಬರಬೇಕು ಅಂತ ಬಹುತೇಕ ದಾರಿಯಲ್ಲಿ ಹೋಗುತ್ತಾ ಹೇಳಿದ ಹಾಗೆ ಒಂದು ಮಾತು ಬರೆದಿದ್ದರು. ಅದು ಟೆನ್ಸರ್ ಪ್ರಾಡಕ್ಟ್‌ನ ಎರಡು ನಾರ್ಮ್‌ಗಳು ಒಂದೇ ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ಸಮ ಅಂತ 1993ರಲ್ಲಿ ಕಿರ್ಷ್‌ಬರ್ಗ್ ತೋರಿಸಿದರು. ನೋಡಿ, ಮತ್ತೆ ನಾರ್ಮ್‌ಗಳು. ಇದೂ ಸಿರೆಲ್ಸನ್ ಪ್ರಶ್ನೆಯೂ ಒಂದೇ ಗಿಡದ ಕೊಂಬೆಗಳು ಅಂತ 2011ರ ಸುಮಾರಿಗೆ ತಿಳಿಯಿತು.

ಜಿ, ನಟರಾಜನ್, ವಿಡಿಕ್, ರೈಟ್, ಯುಯೆನ್ ಐವರು ಸೇರಿ ಕೊಟ್ಟ ಉತ್ತರ ಬಂದದ್ದು ಕಂಪ್ಯೂಟರ್ ಸೈನ್ಸ್ ಕಡೆಯಿಂದ. 150ಕ್ಕೂ ಹೆಚ್ಚು ಪುಟ. ಸಾಧನೆಯ ಒಳಗೆ ನಾನು ಪೂರ್ತಿ ಇಳಿದಿಲ್ಲ, ಆದರೆ ಅದರ ಕೊನೆಯ ತಿರುವು ಯಾರಿಗಾದರೂ ಅರ್ಥವಾಗುವಂಥದ್ದು. ಟೆನ್ಸರ್ ಥರದಲ್ಲಿ ಆಟದ ಗೆಲುವನ್ನು ಕೆಳಗಿನಿಂದ ಮೇಲೆ ಅಂದಾಜು ಮಾಡುತ್ತಾ ಹೋಗಬಹುದು: ಎರಡು ಆಯಾಮ, ಮೂರು ಆಯಾಮ, ಹೀಗೆ ಹುಡುಕುತ್ತಾ. ಇನ್ನೊಂದು ಥರದಲ್ಲಿ ಮೇಲಿನಿಂದ ಕೆಳಗೆ ಬಿಗಿ ಮಾಡುತ್ತಾ ಬರಬಹುದು. ಎರಡೂ ಒಂದೇ ಆಗಿದ್ದರೆ ಎರಡು ಹುಡುಕಾಟಗಳೂ ಒಂದು ಕಡೆ ಸೇರಬೇಕು, ಕಂಪ್ಯೂಟರ್ ಎಂದಾದರೂ ಉತ್ತರ ಕೊಡಲೇಬೇಕು. ಆದರೆ ಟೆನ್ಸರ್ ಥರದ ಗೆಲುವನ್ನು ಅಂದಾಜು ಮಾಡುವುದು, ಒಂದು ಪ್ರೋಗ್ರಾಮ್ ನಿಲ್ಲುತ್ತದೋ ಇಲ್ಲವೋ ಅಂತ ಹೇಳುವಷ್ಟೇ ಕಷ್ಟ ಅಂತ ಐವರೂ ಸಾಧಿಸಿದ್ದಾರೆ. ಅದನ್ನು ಯಾವ ಕಂಪ್ಯೂಟರೂ ಮಾಡಲಾರದು ಅಂತ ಟ್ಯೂರಿಂಗ್ 1936ರಲ್ಲೇ ಹೇಳಿಯಾಗಿದೆ. ಹಾಗಾಗಿ ಎರಡೂ ಒಂದಲ್ಲ. ಪ್ರಬಂಧ ಹೊರಬಂದ ಎಂಟು ದಿನಕ್ಕೆ, ಅದೇ ಜನವರಿ 21ರಂದು, ಸಿರೆಲ್ಸನ್ ತೀರಿಕೊಂಡರು.

ಅಂದರೆ ಸೀಮಿತ ಮ್ಯಾಟ್ರಿಕ್ಸ್‌ಗಳೆಲ್ಲ ಸೇರಿ ಬೆನ್ನಟ್ಟಿದರೂ ಹತ್ತಿರ ಹೋಗಲಾಗದ ಒಂದು ಆಟ ಇದೆ. ಇದನ್ನು ಗೆಳೆಯನಿಗೆ ಹೇಳಿದೆ. ಅವನಿಗೆ ಸುದ್ದಿ ಮೊದಲೇ ಗೊತ್ತಿತ್ತು, ಆದರೂ ಹಳೇ ಚಾಳಿ ಬಿಡಲಿಲ್ಲ. "ಬೇರೆ ಸರಿ, ಎಷ್ಟು ಬೇರೆ?" ಅಂದ. ಈ ಸಲ ಉತ್ತರ ನನ್ನ ಹತ್ತಿರ ಇತ್ತು. ಒಂದು ಥರದಲ್ಲಿ ಗೆಲುವು 1, ಇನ್ನೊಂದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲ.

"ಆ ಆಟ ಬರೆದು ತೋರಿಸು ಹಾಗಾದ್ರೆ" ಅಂದ. ಇಬ್ಬರೂ ಕೂತೆವು. ಸಾಧನೆಯಲ್ಲಿ ಕಟ್ಟುವ ಕ್ರಮ ಇದೆ, ಆದರೆ ಆಟದೊಳಗೆ ಆಟ, ಅದರೊಳಗೆ ಇನ್ನೊಂದು, ಪ್ರಶ್ನೆಗಳನ್ನು ಕುಗ್ಗಿಸಿ ಮತ್ತೆ ಕುಗ್ಗಿಸುವ ಕೆಲಸ. ಮೊದಲ ಪ್ರಶ್ನೆ ಎಷ್ಟು ಉದ್ದ ಇರುತ್ತದೆ ಅಂತ ಲೆಕ್ಕ ಹಾಕಲು ಹೋಗಿ ಮೂರನೇ ಹಾಳೆಯಲ್ಲಿ ದಾರಿ ತಪ್ಪಿತು. ಆ ಹಾಳೆಗಳು ಹಳೇ ನೋಟ್ಸ್ ಒಳಗೇ ಇವೆ, ಎರಡು ಗೆರೆ ಎಳೆದ ಪುಟದ ಹತ್ತಿರ. ಮುಂದಿನ ತಿಂಗಳು ಅವನು ಬಂದಾಗ ನಾಲ್ಕನೇ ಹಾಳೆ ಶುರು ಮಾಡಬೇಕು.